ಬಾನಿ ಕೆಟ್ಟ ಸುದ್ದಿ

‘ಗುರುಗಳೇ, ಒಬ್ಬರು ಇನ್ನೊಬ್ಬರ ಮೇಲೆ ದೂರು ಹೇಳಿದಾಗ ಸಾಕ್ಷಿ ಕೇಳುವುದು ತಪ್ಪೇ?’

ಓಂಕಾರಪ್ಪ ಹೀಗೆ ಕೇಳಿದಾಗ ಗುರುಗಳು ಜಗಲಿಯ ಮೇಲೆ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

‘ತಪ್ಪಲ್ಲ’ ಎಂದರು. ‘ಏನಾಯಿತು ಹೇಳು.’

ಓಂಕಾರಪ್ಪ ಊರಿನಲ್ಲಿ ಹತ್ತು ಜನ ಮಾತು ಕೇಳುವಂಥ ಗೃಹಸ್ಥ. ಹೊಲದ ಬದುವಿನ ತಕರಾರಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಅವನನ್ನು ಕರೆದು ಕೂರಿಸಿಕೊಂಡೇ ಮಾತು ಮುಗಿಸುತ್ತಿದ್ದರು. ಎರಡೂ ಕಡೆಯ ಮಾತು ಕೇಳುವವನು ಎಂಬ ಹೆಸರು ಅವನಿಗಿತ್ತು. ಅದು ಸುಳ್ಳು ಹೆಸರೂ ಅಲ್ಲ. ಸೋಮವಾರ ಸಂಜೆ ಗುರುಗಳಲ್ಲಿಗೆ ಬಂದು ಅರ್ಧ ಗಳಿಗೆ ಕುಳಿತು ಹೋಗುವುದು ಅವನ ಪದ್ಧತಿ. ಈ ಸಲ ಸೋಮವಾರದವರೆಗೆ ಕಾಯಲಾಗದೆ ಬಂದಿದ್ದ.

ಅವನು ಹೇಳಿದ ಸಂಗತಿ ಇಷ್ಟು. ಅವನ ಊರಿನಲ್ಲಿ ಒಂದು ದೊಡ್ಡ ಮನೆ. ಆ ಮನೆಯ ಯಜಮಾನರು ಶ್ರಾವಣದಲ್ಲಿ ಭಜನೆ ಇಡಿಸುವವರು, ಶಾಲೆಯ ಮಕ್ಕಳಿಗೆ ಪುಸ್ತಕ ಕೊಡಿಸುವವರು. ಕೆಳಗಿನ ಬೀದಿಯ ವಿಧವೆಯೊಬ್ಬಳ ಮಗಳು ಆ ಮನೆಗೆ ಕಸಮುಸುರೆಗೆ ಹೋಗುತ್ತಿದ್ದಳು. ಹೋದ ತಿಂಗಳು ಒಂದು ದಿನ ಕೆಲಸ ಅರ್ಧಕ್ಕೆ ಬಿಟ್ಟು ಮನೆಗೆ ಓಡಿಬಂದಳು. ಯಜಮಾನರಿಂದ ತನಗೆ ಏನೇನು ಆಯಿತು ಎಂದು ತಾಯಿಗೆ ಹೇಳಿದಳು. ಬಾಯಿಬಿಟ್ಟು ಹೇಳಲಾಗದಂಥ ಮಾತು. ತಾಯಿ ಅದನ್ನು ಮುಚ್ಚಿಡದೆ ನಾಲ್ವರ ಮುಂದೆ ಇಟ್ಟಳು. ಅಂದಿನಿಂದ ಊರಿಗೆಲ್ಲ ಒಂದೇ ಪ್ರಶ್ನೆ: ಸಾಕ್ಷಿ ಎಲ್ಲಿ? ಚಹದ ಅಂಗಡಿಯಲ್ಲಿ ಅದನ್ನೇ ಕೇಳುತ್ತಾರೆ. ಫೋನಿನಲ್ಲಿ ಅದನ್ನೇ ಬರೆದು ಒಬ್ಬರಿಗೊಬ್ಬರು ಕಳಿಸುತ್ತಾರೆ. ಹುಡುಗಿ ನೀರಿಗೆ ಹೋದರೆ ನಲ್ಲಿಯ ಹತ್ತಿರವೂ ಅದನ್ನೇ ಕೇಳುತ್ತಾರೆ. ನಾಡಿದ್ದು ಹಿರಿಯರು ಸೇರುತ್ತಾರೆ. ಓಂಕಾರಪ್ಪ ಮಾತಾಡಬೇಕು.

‘ಆ ತಾಯಿ ನಿನ್ನೆ ನಮ್ಮ ಮನೆಗೆ ಬಂದಿದ್ದಳು’ ಎಂದ ಓಂಕಾರಪ್ಪ. ‘ಹೊಸಿಲಿನ ಆಚೆಗೇ ನಿಂತು ಕೈ ಮುಗಿದಳು. ನಾನು ಹೇಳಿದೆ, ತಾಯಿ, ಸಾಕ್ಷಿ ಇದ್ದರೆ ಕೊಡು, ನಾನೇ ಮಾತೆತ್ತುತ್ತೇನೆ. ಇಲ್ಲದಿದ್ದರೆ ನನ್ನ ಬಾಯಿ ಕಟ್ಟಿದ ಹಾಗೆ. ಅವಳು ಮತ್ತೊಮ್ಮೆ ಕೈ ಮುಗಿದು ಹೋದಳು. ಅದಾದ ಮೇಲೆ ಊಟ ರುಚಿಸಲಿಲ್ಲ. ಅದಕ್ಕೇ ಬಂದೆ.’

ಯಜಮಾನರು ಏನನ್ನುತ್ತಾರೆ ಎಂದು ಗುರುಗಳು ಕೇಳಿದರು.

‘ಅವರು ದೊಡ್ಡ ಮನುಷ್ಯರು, ಸಿಟ್ಟು ಸಹ ಮಾಡಲಿಲ್ಲ. ಹುಡುಗಿಗೆ ಮೊದಲಿನಿಂದಲೂ ತಲೆ ಸ್ವಲ್ಪ ಸರಿಯಿಲ್ಲ, ಪಾಪ, ಬಡವರ ಮಗಳು ಅಂತ ನಾವೇ ಸಹಿಸಿಕೊಂಡಿದ್ದೆವು ಎಂದರು. ಊರವರೂ ಈಗ ಅದನ್ನೇ ಆಡುತ್ತಿದ್ದಾರೆ. ಅದೂ ಇರಬಹುದು. ಆದರೆ ನನ್ನ ಪ್ರಶ್ನೆ ಅದಲ್ಲ ಗುರುಗಳೇ. ಒಬ್ಬರ ಮಾತು ಕೇಳಿಕೊಂಡು ಇನ್ನೊಬ್ಬರ ಮಾನ ತೆಗೆಯಲಾದೀತೇ?’

‘ಆಗದು’ ಎಂದರು ಗುರುಗಳು. ಬತ್ತಿಯ ತಟ್ಟೆಯನ್ನು ಮಡಿಲಿನಿಂದ ಪಕ್ಕಕ್ಕೆ ಸರಿಸಿಟ್ಟು, ‘ಒಂದು ಕತೆ ಇದೆ, ಕೇಳು’ ಎಂದರು.

ನೇಕಾರರ ಒಂದು ಊರು. ಮನೆಮನೆಗೂ ಮಗ್ಗ. ಊರಿನ ಕೊನೆಯಲ್ಲಿ, ಹಳ್ಳದ ಪಕ್ಕ, ಒಬ್ಬ ಬಣ್ಣಗಾರನಿದ್ದ. ಊರಿನ ನೂಲಿಗೆಲ್ಲ ಅವನೇ ನೀಲಿ ಹಾಕಿಕೊಡಬೇಕು. ಆ ಊರಿನ ನೀಲಿ ಸೀರೆಗೆ ಸುತ್ತಿನ ಸಂತೆಗಳಲ್ಲೆಲ್ಲ ಹೆಸರು. ಮದುವೆಯ ಹೆಣ್ಣಿಗೆ ಆ ಸೀರೆಯೇ ಆಗಬೇಕು ಎನ್ನುವವರಿದ್ದರು. ಆದ್ದರಿಂದ ಬಣ್ಣಗಾರ ನಡೆದು ಬಂದರೆ ಕಟ್ಟೆಯ ಮೇಲೆ ಕುಳಿತವರು ಸರಿದು ಜಾಗ ಬಿಡುತ್ತಿದ್ದರು.

ನೀಲಿಯ ಕೆಲಸ ಬೇರೆ ಬಣ್ಣದ ಕೆಲಸದಂತಲ್ಲ. ದೊಡ್ಡ ಮಣ್ಣಿನ ಬಾನಿಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂಳುತ್ತಾರೆ. ಅದರಲ್ಲಿ ನೀಲಿ, ಸುಣ್ಣ, ಬೆಲ್ಲ ಹಾಕಿ ಹುಳಿ ಬರಿಸುತ್ತಾರೆ. ಹದಕ್ಕೆ ಬರಲು ತಿಂಗಳು ಹಿಡಿಯುತ್ತದೆ. ಹದಕ್ಕೆ ಬಂದ ಬಾನಿಗೆ ಜೀವ ಬಂತು ಎನ್ನುತ್ತಾರೆ. ಕೆಟ್ಟರೆ ಸತ್ತಿತು ಎನ್ನುತ್ತಾರೆ. ಸತ್ತ ಬಾನಿಯಲ್ಲಿ ನೂಲು ಅದ್ದಿದರೆ ಕೆಸರಿನ ಬಣ್ಣ ಬರುತ್ತದೆಯೇ ಹೊರತು ನೀಲಿ ಬರುವುದಿಲ್ಲ. ಹೊರಗಿನವರ ಕಣ್ಣು ಬಿದ್ದರೆ ಬಾನಿ ಸಾಯುತ್ತದೆ ಎಂಬುದು ಆ ಊರಿನ ಹಿಂದಿನಿಂದ ಬಂದ ನಂಬಿಕೆ. ಆದ್ದರಿಂದ ಬಣ್ಣಗಾರನ ಮನೆಯ ಗೋಡೆ ಎತ್ತರವಾಗಿತ್ತು. ಬಾಗಿಲಿನ ಮುಂದೆ ಒಂದು ಚಪ್ಪಡಿ ಕಲ್ಲು. ನೂಲು ಕೊಡುವವರು ಅದರ ಮೇಲಿಟ್ಟು ಹೋಗಬೇಕು. ಬಣ್ಣವಾದ ಮೇಲೆ ಅದರ ಮೇಲಿಂದಲೇ ಎತ್ತಿಕೊಂಡು ಹೋಗಬೇಕು. ಒಳಗೆ ಹೋದವರು ಊರಿನಲ್ಲಿ ಯಾರೂ ಇರಲಿಲ್ಲ.

ಒಳಗೆ ನೂಲು ಅದ್ದುವುದಕ್ಕೆ, ಹಿಂಡುವುದಕ್ಕೆ ಹಿಂದೆಮುಂದೆ ಇಲ್ಲದ ಹೆಣ್ಣುಮಕ್ಕಳನ್ನು ಬಣ್ಣಗಾರ ತಂದು ಇಟ್ಟುಕೊಳ್ಳುತ್ತಿದ್ದ. ಅನಾಥರಿಗೆ ಅನ್ನ ಹಾಕುತ್ತಾನೆ ಎಂದು ಊರು ಅದನ್ನೂ ಮೆಚ್ಚಿಕೊಂಡಿತ್ತು.

ಆಗ ಅಲ್ಲಿ ಇಬ್ಬರಿದ್ದರು. ಒಬ್ಬಳು ಪ್ರಾಯಕ್ಕೆ ಬಂದವಳು. ಇನ್ನೊಬ್ಬಳು ಇನ್ನೂ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತಿದ್ದ ಮಗು. ಒಂದು ಬೆಳಿಗ್ಗೆ ದೊಡ್ಡವಳು ಎರಡೂ ತೋಳನ್ನು ಎದೆಗೆ ಒತ್ತಿಕೊಂಡು ಹೊರಗೆ ಬಂದಳು. ಬಂದು ಒಬ್ಬ ಮುದುಕಿಯ ಮನೆಯ ಮೆಟ್ಟಿಲ ಮೇಲೆ ಕುಳಿತಳು. ಆ ಮುದುಕಿ ಒಂಟಿಯಾಗಿ ಮಗ್ಗ ನಡೆಸುತ್ತಿದ್ದ ನೇಕಾರಗಿತ್ತಿ. ಬೇಕೆಂದು ಅವಳ ಮನೆಗೇ ಬಂದದ್ದಲ್ಲ. ಊರಿನ ಆ ಕೊನೆಯಿಂದ ಬಂದರೆ ಮೊದಲು ಸಿಗುವ ಮೆಟ್ಟಿಲು ಅದು, ಅಷ್ಟೇ.

ಮುದುಕಿ ಏನೂ ಕೇಳಲಿಲ್ಲ. ಅಂಬಲಿ ಕೊಟ್ಟಳು. ಹುಡುಗಿ ಕುಡಿದಳು. ಕುಡಿದ ಮೇಲೆ, ಹಿರಿಯರ ಕಟ್ಟೆ ಎಲ್ಲಿದೆ ಎಂದು ಕೇಳಿದಳು.

ಕಟ್ಟೆಯ ಮೇಲೆ ಊರಿನ ಹಿರಿಯ ಇದ್ದ. ಸೀರೆ ಕೊಂಡು ಸಂತೆಗೆ ಸಾಗಿಸುವ ವ್ಯಾಪಾರಿ ಇದ್ದ. ಹೊಲದಿಂದ ಬಂದು ದಣಿವಾರಿಸಿಕೊಳ್ಳುತ್ತಿದ್ದ ಒಬ್ಬ ರೈತನಿದ್ದ. ಸುತ್ತ ಜನ ಸೇರಿದರು. ಹುಡುಗಿ ನಿಂತುಕೊಂಡೇ ಹೇಳಿದಳು. ನೂಲಿನ ಎಳೆ ಸಿಕ್ಕಾದರೆ ಹೊಡೆಯುತ್ತಾನೆ, ಬಣ್ಣ ಕಲೆಕಲೆಯಾದರೆ ಹೊಡೆಯುತ್ತಾನೆ, ಆಗದಿದ್ದರೂ ಹೊಡೆಯುತ್ತಾನೆ ಎಂದಳು. ನೂಲು ಹಿಂಡುವ ಕೋಲಿನಿಂದ ಹೊಡೆಯುತ್ತಾನೆ ಎಂದಳು. ಇನ್ನೂ ಒಂದು ಮಾತು ಹೇಳಲು ಬಾಯಿ ತೆರೆದಳು. ಜನರನ್ನು ನೋಡಿ ಅದನ್ನು ಹೇಳಲಿಲ್ಲ.

ಎಲ್ಲಿ ಹೊಡೆದ, ತೋರಿಸು ಎಂದು ಹಿರಿಯ ಕೇಳಿದ. ಅವಳು ತೋಳು ಮುಂದೆ ಚಾಚಿದಳು.

ತೋಳು ಬೆರಳ ತುದಿಯಿಂದ ಮೊಣಕೈಯ ಮೇಲಿನವರೆಗೆ ಕಡುನೀಲಿಯಾಗಿತ್ತು. ಬಾನಿಯಲ್ಲಿ ಕೈಯಾಡಿಸುವವರ ಕೈ ಹಾಗೇ ಇರುತ್ತದೆ.

ರೈತ ಬಗ್ಗಿ ನೋಡಿದ. ‘ಇದರಲ್ಲಿ ಬಣ್ಣದ ನೀಲಿ ಯಾವುದವ್ವ, ಏಟಿನ ನೀಲಿ ಯಾವುದು?’ ಎಂದ.

ಜನ ನಕ್ಕರು. ಹುಡುಗಿ ತೋಳು ಹಿಂದೆ ತೆಗೆದುಕೊಳ್ಳಲಿಲ್ಲ.

ಹಿರಿಯ ಕೆಟ್ಟವನಲ್ಲ. ಅವನಿಗೂ ಹೆಣ್ಣುಮಕ್ಕಳಿದ್ದರು. ನಕ್ಕವರನ್ನು ಗದರಿಸಿ, ಇದು ನಗುವ ಮಾತಲ್ಲ ಎಂದ. ಆಮೇಲೆ ಮೆತ್ತಗೆ ಹೇಳಿದ: ‘ನಿನ್ನ ಮಾತು ಸುಳ್ಳು ಅಂತ ನಾವು ಅನ್ನುವುದಿಲ್ಲ ಮಗಳೇ. ಆದರೆ ಕಣ್ಣಿಗೆ ಕಾಣಬೇಕಲ್ಲ. ಬಣ್ಣ ತೊಳೆದುಕೊಂಡು ಬಾ. ಏಟಿದ್ದರೆ ನಮಗೇ ಕಾಣುತ್ತದೆ.’

ಎಲ್ಲರೂ ತಲೆದೂಗಿದರು. ಸುದ್ದಿ ಕೇಳಿ ಬಂದು ಗುಂಪಿನಲ್ಲಿ ನಿಂತಿದ್ದ ಬಣ್ಣಗಾರನೂ ತಲೆದೂಗಿದ.

ಇಲ್ಲಿ ಓಂಕಾರಪ್ಪ ನಡುವೆ ಬಾಯಿ ಹಾಕಿದ. ‘ನ್ಯಾಯವಾದ ಮಾತೇ ಆಡಿದನಲ್ಲ ಗುರುಗಳೇ ಹಿರಿಯ?’

‘ಅವರಿಗೂ ಹಾಗೇ ಅನ್ನಿಸಿತು’ ಎಂದರು ಗುರುಗಳು.

ಹುಡುಗಿ ಹಳ್ಳಕ್ಕೆ ಹೋದಳು. ಸೀಗೆಪುಡಿ ಹಾಕಿ ತೊಳೆದಳು. ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಬೂದಿಯಿಂದ ಉಜ್ಜಿದಳು. ಬಣ್ಣ ಕದಲಲಿಲ್ಲ. ಇಟ್ಟಿಗೆ ಕುಟ್ಟಿ ಪುಡಿ ಮಾಡಿ ಅದರಿಂದ ಉಜ್ಜತೊಡಗಿದಾಗ ಮುದುಕಿ ಬಂದು ಕೈ ಹಿಡಿದುಕೊಂಡಳು. ನೀಲಿ ತೊಳೆದರೆ ಹೋಗುವುದಲ್ಲ, ಮೇಲಿನ ಚರ್ಮ ಹಳತಾಗಿ ಉದುರಿ, ಕೆಳಗಿನಿಂದ ಹೊಸದು ಬಂದಾಗಲೇ ಹೋಗುವುದು ಎಂದಳು. ಅದು ನೇಕಾರರ ಊರು. ಈ ಸಂಗತಿ ಅಲ್ಲಿಯ ಮಕ್ಕಳಿಗೂ ಗೊತ್ತು. ಕಟ್ಟೆಯ ಮೇಲೆ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಮುದುಕಿಯೂ ಆ ದಿನ ಗುಂಪಿನ ಹಿಂದೆ ನಿಂತಿದ್ದಳು. ಅವಳಿಗೆ ನೆನಪಾಗಿತ್ತು. ಅವಳು ಹೇಳಿರಲಿಲ್ಲ. ಅವಳ ನೂಲು ಬಣ್ಣಗಾರನ ಮನೆಯಲ್ಲಿತ್ತು. ಆ ನೂಲಿನ ಸೀರೆಯನ್ನು ಒಂದು ಮದುವೆ ಮನೆಗೆ ಒಪ್ಪಿಕೊಂಡಿದ್ದಳು.

ಹುಡುಗಿ ಕಾದಳು. ಕೈ ಸುಮ್ಮನಿರದೆ ಮುದುಕಿಯ ಮನೆಯಲ್ಲಿ ಲಾಳಿಗೆ ನೂಲು ಸುತ್ತಿಕೊಡುತ್ತಾ ಕಾದಳು. ನೀಲಿ ಮೊದಲು ಬೂದುಬಣ್ಣವಾಯಿತು. ಆಮೇಲೆ ಉಗುರಿನ ಸಂದಿಯಲ್ಲಿ ಮಾತ್ರ ಉಳಿಯಿತು. ಹುಣ್ಣಿಮೆ ಕಳೆದ ಮೇಲೆ ಅವಳ ತೋಳು ಅವಳ ಬಣ್ಣಕ್ಕೆ ಬಂತು. ಕಟ್ಟೆಗೆ ಹೋದಳು.

ಹಿರಿಯ ಅವಳ ತೋಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದ. ಈ ಕಡೆ ನೋಡಿದ, ಆ ಕಡೆ ನೋಡಿದ. ಏಟಿನ ಗುರುತು ಇರಲಿಲ್ಲ.

‘ಬಣ್ಣ ಹೋಗುವಷ್ಟರಲ್ಲಿ ಅದೂ ಹೋಯಿತು ಅಜ್ಜಾ’ ಎಂದಳು ಹುಡುಗಿ.

ಗುಂಪಿನಲ್ಲಿದ್ದ ಒಬ್ಬ, ಹಾಗಾದರೆ ಒಳ್ಳೆಯದೇ ಆಯಿತಲ್ಲ, ಇನ್ನೇನು ತಕರಾರು ಎಂದ. ಮತ್ತೊಬ್ಬ, ಬಣ್ಣಗಾರ ಎಷ್ಟು ಜಾಣ ನೋಡಿ, ಹೋಗುವ ಏಟನ್ನೇ ಹೊಡೆದಿದ್ದಾನೆ ಎಂದ. ವ್ಯಾಪಾರಿ ಮಾತ್ರ ಹತ್ತಿರ ಬಂದು ಅವಳ ಮೊಣಕೈಯ ಕೆಳಗೆ ಒಂದು ಗೀರನ್ನು ಹುಡುಕಿ ತೆಗೆದ. ಇದೇನು ಎಂದ. ಇಟ್ಟಿಗೆ ಪುಡಿಯಿಂದ ಉಜ್ಜಿಕೊಂಡದ್ದು ಎಂದಳು. ಇದನ್ನು ಬಣ್ಣಗಾರ ಮಾಡಿದನೋ ನೀನು ಮಾಡಿಕೊಂಡೆಯೋ ಎಂದು ಕೇಳಿದ. ನಾನೇ ಮಾಡಿಕೊಂಡೆ ಎಂದಳು.

‘ನೋಡಿದಿರಲ್ಲ’ ಎಂದು ವ್ಯಾಪಾರಿ ಜನರ ಕಡೆ ತಿರುಗಿದ. ‘ಅವಳ ಬಾಯಲ್ಲೇ ಬಂತು.’

ಹುಡುಗಿ ತೋಳು ಹಿಂದೆ ತೆಗೆದುಕೊಂಡಳು. ಆಮೇಲೆ, ನನ್ನದು ಬಿಡಿ ಎಂದಳು. ಆ ಮನೆಯಲ್ಲಿ ಇನ್ನೂ ಒಂದು ಮಗು ಇದೆ, ನಾನು ಹೊರಗೆ ಬಂದ ಮೇಲೆ ಎರಡು ಜನದ ಕೆಲಸವೂ ಅದರದ್ದೇ, ಎರಡು ಜನದ ಏಟೂ ಅದರದ್ದೇ ಎಂದಳು. ‘ನೀವು ಯಾರಾದರೂ ಒಬ್ಬರು ಹೋಗಿ ನೋಡಿ. ನನ್ನನ್ನು ನಂಬಬೇಡಿ. ಹೋಗಿ ನೋಡಿ, ಅಷ್ಟೇ.’

ಹೋಗಿ ನೋಡುವುದು ಹೇಗೆ? ಹೊರಗಿನವರ ಕಣ್ಣು ಬಿದ್ದರೆ ಬಾನಿ ಸಾಯುತ್ತದೆ. ಮದುವೆಯ ಕಾಲ. ಎಲ್ಲರ ನೂಲೂ ಅಲ್ಲಿತ್ತು. ಒಳಗೆ ಹೋಗುವುದು ಪದ್ಧತಿಯಲ್ಲ, ಬೇಕಾದರೆ ಆ ಮಗುವೇ ಇಲ್ಲಿಗೆ ಬಂದು ಹೇಳಲಿ ಎಂದು ಹಿರಿಯ ತೀರ್ಮಾನ ಹೇಳಿದ. ಮಗುವನ್ನು ಯಾರು ಕರೆತರಬೇಕು ಎಂದು ಅವನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಬಿಸಿಲೇರಿತು ಎಂದು ಎದ್ದರು.

ಹುಡುಗಿ ಮುದುಕಿಯ ಮನೆಗೆ ಬಂದು ಮತ್ತೆ ಲಾಳಿಗೆ ನೂಲು ಸುತ್ತುತ್ತಾ ಕುಳಿತಳು. ಮುದುಕಿ ಅವಳ ಬೆನ್ನ ಹಿಂದೆ ಏನನ್ನೋ ತೆಗೆದಿಡಲು ಬಂದಳು. ಕೈಜಾರಿ ಒಂದು ಕೋಲು ನೆಲಕ್ಕೆ ಬಿತ್ತು. ಹುಡುಗಿ ತಿರುಗಿ ನೋಡಲಿಲ್ಲ. ಎರಡೂ ಕೈಯೆತ್ತಿ ತಲೆಯನ್ನು ಮುಚ್ಚಿಕೊಂಡಳು. ಮೊಣಕೈ ಎರಡೂ ಕಿವಿಗೆ ಒತ್ತಿಕೊಂಡಿದ್ದವು. ಬಿದ್ದದ್ದು ಕೋಲು ಎಂದು ತಿಳಿದ ಮೇಲೆ ಕೈ ಇಳಿಸಿ, ಏನೂ ಆಗಿಲ್ಲವೆಂಬಂತೆ ಎಳೆ ಹುಡುಕತೊಡಗಿದಳು.

ಮುದುಕಿ ಆ ಕೋಲನ್ನು ಎತ್ತಲಿಲ್ಲ. ಬಹಳ ಹೊತ್ತು ಮಗ್ಗದ ಮುಂದೆ ಕುಳಿತಿದ್ದಳು. ನೇಯಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಬಣ್ಣಗಾರನ ಬಾಗಿಲಿಗೆ ಹೋದಳು. ಚಪ್ಪಡಿ ಕಲ್ಲಿನ ಹತ್ತಿರ ನಿಲ್ಲದೆ ಅದನ್ನು ದಾಟಿ ಬಾಗಿಲು ಬಡಿದಳು. ಬಣ್ಣಗಾರ ಬಾಗಿಲು ಅರ್ಧ ತೆರೆದ. ಅವನ ಮಾತು ಯಾವಾಗಲೂ ಮೃದು.

‘ಏನವ್ವ, ನಿನ್ನ ನೂಲು ನಾಡಿದ್ದು ಎಂದಿದ್ದೆನಲ್ಲ?’

‘ನೂಲಿಗೆ ಬಂದಿಲ್ಲಪ್ಪ. ಒಳಗೆ ಬರಬೇಕು.’

‘ಹೊರಗಿನವರು ಬಂದರೆ ಬಾನಿ ಸಾಯುತ್ತದೆ. ನೀನು ಹಳಬಳು. ನಿನಗೆ ಗೊತ್ತಿಲ್ಲದ್ದೇ?’

‘ಗೊತ್ತಿದ್ದೇ ಬಂದಿದ್ದೇನೆ. ಬಾನಿ ಸತ್ತರೆ ಇನ್ನೊಂದು ಹೂಳು.’

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ತಲೆ ನರೆತ ಹೆಂಗಸಿನ ಮೈಮೇಲೆ ಹಾಡುಹಗಲು ಕೈ ಹಾಕಲು ಅವನು ಹಿಂಜರಿದ. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದ. ಮುದುಕಿ ವಯಸ್ಸಿಗೆ ಬಾಗಿದವಳು. ಇನ್ನಷ್ಟು ಬಗ್ಗಿ ಆ ಕೈಯ ಕೆಳಗಿನಿಂದಲೇ ಒಳಗೆ ಹೋದಳು.

ಒಳಗೆ ಮೂರು ಬಾನಿಗಳಿದ್ದವು. ಕೊನೆಯ ಬಾನಿಯ ಪಕ್ಕ ಮಗು ಕುಕ್ಕುರುಗಾಲಿನಲ್ಲಿ ಕುಳಿತು ನೂಲು ಹಿಂಡುತ್ತಿತ್ತು. ಬೆನ್ನು ಈ ಕಡೆಗಿತ್ತು. ಮುದುಕಿ ಒಂದು ಹೆಜ್ಜೆ ಇಟ್ಟಳು. ಮಗು ತಿರುಗಿ ನೋಡಲಿಲ್ಲ. ನೂಲು ಹಿಡಿದಿದ್ದ ಕೈಯನ್ನೇ ಎತ್ತಿ ತಲೆಯನ್ನು ಮುಚ್ಚಿಕೊಂಡಿತು. ಮೊಣಕೈ ಎರಡನ್ನೂ ಕಿವಿಗೆ ಒತ್ತಿಕೊಂಡಿತು. ಹಿಂಡದ ನೂಲಿನಿಂದ ನೀಲಿ ನೀರು ಅದರ ಕುತ್ತಿಗೆಯ ಮೇಲೆ ಇಳಿಯಿತು.

ಮುದುಕಿ ಅಲ್ಲಿಂದ ಮುಂದೆ ಹೆಜ್ಜೆ ಇಡಲಿಲ್ಲ. ಇದ್ದಲ್ಲೇ ನೆಲದ ಮೇಲೆ ಕುಳಿತಳು. ‘ಅವನಲ್ಲ ಕಣವ್ವ. ನಾನು, ಮಗ್ಗದ ಅಜ್ಜಿ’ ಎಂದಳು. ಮಗುವಿನ ಕೈ ಇಳಿಯುವವರೆಗೆ ಕುಳಿತೇ ಇದ್ದಳು. ಆಮೇಲೆ ಎದ್ದು, ಆ ಕೈ ಹಿಡಿದುಕೊಂಡು ನಡೆದಳು. ಬಾಗಿಲಲ್ಲಿ ಬಣ್ಣಗಾರ ನಿಂತಿದ್ದ. ಹೊರಗೆ ಜನ ಸೇರಿದ್ದರು. ಅವನು ಪಕ್ಕಕ್ಕೆ ಸರಿದ.

ಮಧ್ಯಾಹ್ನದ ಹೊತ್ತಿಗೆ ಬಣ್ಣಗಾರ ಕಟ್ಟೆಗೆ ಬಂದ. ರುಮಾಲು ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಮೂರು ಬಾನಿಯೂ ಸತ್ತವು ಎಂದ.

ಹಿರಿಯ ಕಣ್ಣು ಮುಚ್ಚಿ ಶಿವನ ನಾಮ ಹೇಳಿದ. ವ್ಯಾಪಾರಿ ತಲೆಯ ಮೇಲೆ ಕೈಯಿಟ್ಟುಕೊಂಡು ಕುಳಿತುಬಿಟ್ಟ. ಮೊದಲ ದಿನ ನಗೆಮಾತು ಆಡಿದ್ದ ರೈತನೂ ಈಗ ಲೊಚಗುಟ್ಟಿದ. ಸಾವಿನ ಮನೆಗೆ ಬಂದಂತೆ ಒಬ್ಬೊಬ್ಬರೇ ಬಂದು ಬಣ್ಣಗಾರನ ಪಕ್ಕ ಕುಳಿತರು. ಒಬ್ಬ ಅವನ ಬೆನ್ನು ಸವರಿದ. ಒಬ್ಬಳು ಮಜ್ಜಿಗೆ ತಂದು ಕೊಟ್ಟಳು. ಎಷ್ಟು ತಿಂಗಳ ದುಡಿಮೆ, ಎಂಥ ಕೈಗುಣ, ಒಬ್ಬ ಮುದುಕಿಯ ಹಟದಿಂದ ಎಲ್ಲ ಹೋಯಿತು ಎಂದರು.

ಮುದುಕಿಯನ್ನು ಕರೆಸಿದರು. ಅವಳ ಒಂದು ಪಕ್ಕ ದೊಡ್ಡವಳು, ಇನ್ನೊಂದು ಪಕ್ಕ ಮಗು.

‘ಅವನು ಹೊಡೆದದ್ದನ್ನು ಕಣ್ಣಾರೆ ಕಂಡೆಯಾ?’ ಎಂದು ಹಿರಿಯ ಕೇಳಿದ.

‘ಇಲ್ಲಪ್ಪ.’

‘ಮತ್ತೆ ಏನು ಕಂಡೆ?’

‘ಹಿಂದೆ ಹೆಜ್ಜೆ ಸದ್ದಾದರೆ ಈ ಮಗು ತಲೆ ಮುಚ್ಚಿಕೊಳ್ಳುತ್ತದೆ. ಇವಳೂ ಹಾಗೇ ಮುಚ್ಚಿಕೊಳ್ಳುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿ ಕಲಿತದ್ದು.’

ಮಕ್ಕಳು ಅಂದ ಮೇಲೆ ಬೆದರುತ್ತವೆ, ಅದು ಸಾಕ್ಷಿಯಲ್ಲ ಎಂದ ಹಿರಿಯ. ಹೊರಗಿನವಳಾಗಿ ಒಳಗೆ ಹೋಗಿ ಊರಿನ ನೀಲಿ ಕೆಡಿಸಿದ್ದಕ್ಕೆ ಇನ್ನು ಮುಂದೆ ಇವಳ ನೂಲಿಗೆ ಬಣ್ಣಗಾರ ಬಣ್ಣ ಹಾಕಬೇಕಾಗಿಲ್ಲ ಎಂದು ತೀರ್ಪು ಹೇಳಿದ.

ಮುದುಕಿ ಅದನ್ನು ಕೇಳಿಸಿಕೊಂಡು, ‘ನೂಲು ಬಿಳಿಯೇ ಇರಲಿ. ಮಕ್ಕಳು ನನ್ನಲ್ಲಿರಲಿ’ ಎಂದಳು.

ಹಿರಿಯ ಬಣ್ಣಗಾರನ ಮುಖ ನೋಡಿದ. ಬಾನಿಗಳೇ ಸತ್ತ ಮೇಲೆ ಮಗುವಿಗೆ ಅಲ್ಲಿ ಏನು ಕೆಲಸ? ಬಣ್ಣಗಾರ ಕೈಯಲ್ಲಿದ್ದ ರುಮಾಲನ್ನು ಮಡಿಸಿದ, ಬಿಚ್ಚಿದ. ಆಗಲಿ ಎಂದುಬಿಟ್ಟ. ಹಿರಿಯ ಮಗುವಿನ ತಲೆ ನೇವರಿಸಲು ಕೈ ಎತ್ತಿದ. ಮಗು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಿತು. ಹಿರಿಯನ ಕೈ ಅಷ್ಟಕ್ಕೇ ನಿಂತಿತು. ಆದರೆ ತೀರ್ಪು ಹೇಳಿ ಆಗಿತ್ತು.

ಮಾರನೆಯ ಬೆಳಿಗ್ಗೆ ಬಣ್ಣಗಾರನ ಗೋಡೆಯ ಮೇಲೆ ಹೊಸದಾಗಿ ಅದ್ದಿದ ನೂಲು ಒಣಗುತ್ತಿತ್ತು. ಎಂದಿನಂತೆ ಗಾಢವಾದ ನೀಲಿ. ತುದಿಯಿಂದ ಹನಿ ಬೀಳುತ್ತಿತ್ತು. ಜನ ಅದರ ಕೆಳಗೇ ನಡೆದು ಕೆಲಸಕ್ಕೆ ಹೋದರು. ಪಾಪ, ಬಾನಿ ಸತ್ತಿತಂತೆ ಎಂದು ಮಾತಾಡಿಕೊಳ್ಳುತ್ತಲೇ ಹೋದರು.

ಮದುವೆ ಮನೆಯವರು ಮುದುಕಿಯ ಸೀರೆ ಬೇಡವೆಂದರು. ಅವಳು ಬಿಳಿ ನೂಲನ್ನೇ ನೇಯ್ದಳು. ಬಿಳಿ ಬಟ್ಟೆಗೂ ಕೊಳ್ಳುವವರು ಇರುತ್ತಾರೆ. ಕೂಸುಗಳಿಗೆ ಬೇಕು, ದೇವರಿಗೆ ಬೇಕು. ಗಂಜಿಗೆ ಕೊರತೆಯಾಗಲಿಲ್ಲ. ಆ ಮನೆಯಲ್ಲಿ ಒಂದು ರೂಢಿ ಬೆಳೆಯಿತು. ಯಾರೇ ಒಳಗೆ ಬಂದರೂ ಹೊಸಿಲಲ್ಲಿ ನಿಂತು ‘ನಾನು ಬಂದೆ’ ಎಂದು ಹೇಳಿ ಆಮೇಲೆ ಹೆಜ್ಜೆ ಇಡಬೇಕು. ಮುದುಕಿ ತನ್ನ ಮನೆಗೆ ತಾನು ಬರುವಾಗಲೂ ಹಾಗೇ ಹೇಳಿ ಬರುತ್ತಿದ್ದಳು. ಬಹಳ ದಿನಗಳ ಮೇಲೆ ಒಂದು ಸಂಜೆ ಹೇಳುವುದನ್ನು ಮರೆತು ಬಂದಳು. ಹೆಜ್ಜೆಯ ಸದ್ದಿಗೆ ಮಗು ಕೈ ಎತ್ತಲಿಲ್ಲ. ಕತ್ತು ತಿರುಗಿಸಿ, ಅಜ್ಜಿ, ನೀನು ಹೇಳಲೇ ಇಲ್ಲ ಎಂದು ಜಗಳ ತೆಗೆಯಿತು.

ಗುರುಗಳು ಕತೆ ನಿಲ್ಲಿಸಿ ಬತ್ತಿಯ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು.

ಓಂಕಾರಪ್ಪ ಕಣ್ಣೊರೆಸಿಕೊಂಡ. ಅವನಿಗೆ ಮುದುಕಿಯ ಮೇಲೆ ಗೌರವ ಬಂದಿತ್ತು. ಊರಿನವರ ಮೇಲೆ ಸಿಟ್ಟೂ ಬಂದಿತ್ತು.

‘ಎಂಥ ಜನ ಗುರುಗಳೇ’ ಎಂದ. ‘ಆ ಹೆಣ್ಣುಮಗಳಿಗೆ ತೊಳೆದು ತೋರಿಸು, ತಿರುಗಿಸಿ ತೋರಿಸು ಎಂದರು. ಅವನು ಬಂದು ಬಾನಿ ಸತ್ತಿತು ಎಂದ ಕೂಡಲೇ ಮಜ್ಜಿಗೆ ಕೊಟ್ಟರು. ಹೌದೇ ಅಂತ ಒಬ್ಬನಾದರೂ ಕೇಳಬಾರದಿತ್ತೇ? ಹೇಳಿದವನು ದೊಡ್ಡವನು ಅಂದ ಮಾತ್ರಕ್ಕೆ ಹಾಗೆ ನಂಬಿಬಿಡುವುದೇ?’

ಗುರುಗಳು ಬತ್ತಿಯೊಂದನ್ನು ಹೊಸೆದು ಮುಗಿಸಿದರು.

‘ಆ ಹುಡುಗಿಗೆ ತಲೆ ಸರಿಯಿಲ್ಲ ಎಂದು ಯಜಮಾನರು ಹೇಳಿದಾಗ ನೀನು ಯಾವ ಸಾಕ್ಷಿ ಕೇಳಿದೆ ಓಂಕಾರಪ್ಪ?’